ಸ್ವಂತ ಮೊಮ್ಮಕ್ಕಳನ್ನು ಬಿಟ್ಟು ಊರಿಗೆಲ್ಲ ಅಜ್ಜ–ಅಜ್ಜಿ

ಮೀಸೆ ಇನ್ನೂ ಸರಿಯಾಗಿ ಮೂಡದ ಹದಿನೆಂಟರ ಹುಡುಗನನ್ನು ‘ಹಿರಿಯರೇ’ ಎಂದು ಕರೆಯುವ ವ್ಯವಸ್ಥೆಯೊಂದಿದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಅಂಗೈ ಅಗಲದ ಕಪ್ಪು ಹೆಸರುಪಟ್ಟಿ. ಪಟ್ಟಿಯಲ್ಲಿ ‘ಎಲ್ಡರ್’ ಎಂಬ ಪದ, ಅದರ ಮುಂದೆ ಮನೆತನದ ಹೆಸರು, ಕೆಳಗೆ ಚರ್ಚಿನ ಹೆಸರು. ಹುಡುಗಿಯಾದರೆ ‘ಸಿಸ್ಟರ್’. ಮಗಳ ಬಾಣಂತನಕ್ಕೋ ಮಗನ ಹೊಸ ಮನೆ ನೋಡಲಿಕ್ಕೋ ಅಮೆರಿಕಕ್ಕೆ ಹೋಗಿಬಂದ ನಮ್ಮವರಲ್ಲಿ ಕೆಲವರಾದರೂ ಇಂಥ ಹುಡುಗರು ಇಬ್ಬಿಬ್ಬರಾಗಿ ಬೀದಿಯಲ್ಲಿ ಹೋಗುವುದನ್ನು ಕಂಡಿರುತ್ತಾರೆ.

ಅದೇ ಕಪ್ಪು ಪಟ್ಟಿ ಎಪ್ಪತ್ತರ ಆಸುಪಾಸಿನ ಗಂಡ–ಹೆಂಡಿರ ಎದೆಯ ಮೇಲೂ ಇರುತ್ತದೆ. ಅವರು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಮನೆಮನೆಯ ಬಾಗಿಲು ತಟ್ಟುವುದು ಅವರ ಮುಖ್ಯ ಕೆಲಸವಲ್ಲ. ಯಾವುದೋ ಕಚೇರಿಯಲ್ಲಿ ಕೂತು ಬಾಡಿಗೆ ಕರಾರು ನೋಡುತ್ತಿರುತ್ತಾರೆ. ಹುಡುಗರ ಕಾರಿಗೆ ಹೊಸ ಟೈರ್ ಹಾಕಿಸುತ್ತಿರುತ್ತಾರೆ. ಹಲ್ಲುನೋವೆಂದು ಅಳುಮೋರೆ ಮಾಡಿಕೊಂಡವನನ್ನು ಡಾಕ್ಟರ ಹತ್ತಿರ ಕೂರಿಸಿಕೊಂಡು ಹೋಗಿರುತ್ತಾರೆ. ನಿವೃತ್ತಿಯ ಹಣದಲ್ಲಿ ತಾವೇ ಖರ್ಚು ಹಾಕಿಕೊಂಡು ಒಂದೂವರೆ–ಎರಡು ವರ್ಷ ಪರ ಊರಿನಲ್ಲಿ ಹೀಗೆ ದುಡಿದು ಮನೆಗೆ ಮರಳುವ ಈ ಜೋಡಿಗಳಿಗೆ ‘ಸೀನಿಯರ್ ಮಿಷನರಿ’ ಎಂದು ಹೆಸರು.

ಯಾವ ಚರ್ಚು, ಯಾವ ಮಿಷನ್?

‘ಮಿಷನ್’ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದವರು ಶಾಲೆ ತೆರೆದರು, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆ ಕಟ್ಟಿದರು. ಕಿಟೆಲ್ಲರ ನಿಘಂಟು 1894ರಲ್ಲಿ ಬಂತು. ಅವರು ಹರೆಯದಲ್ಲಿ ಹಡಗು ಹತ್ತಿದವರು. ಅನೇಕರ ಪಾಲಿಗೆ ಅದು ಜೀವಮಾನದ ಕಸುಬು, ಕೆಲವರ ಗೋರಿಗಳೂ ಇಲ್ಲೇ ಇವೆ. ನಾವೀಗ ನೋಡುತ್ತಿರುವುದು ಅದಕ್ಕೆ ತೀರ ಬೇರೆಯಾದ ಏರ್ಪಾಡು. ಇಲ್ಲಿ ಕಸುಬೆಲ್ಲ ಮುಗಿದ ಮೇಲೆ ಮಿಷನ್ ಶುರುವಾಗುತ್ತದೆ, ಹೋಗುವಾಗಲೇ ಮರಳುವ ತಿಂಗಳೂ ಗೊತ್ತಿರುತ್ತದೆ.

ಚರ್ಚಿನ ಪೂರ್ಣ ಹೆಸರು ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್–ಡೇ ಸೇಂಟ್ಸ್’. ಜನ ಕರೆಯುವುದು ಮಾರ್ಮನ್ ಚರ್ಚ್ ಎಂದು. ಆ ಅಡ್ಡಹೆಸರು ಬೇಡವೆಂದು 2018ರಿಂದ ಚರ್ಚು ಒತ್ತಿ ಹೇಳುತ್ತಿದೆ. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಇದನ್ನು ಸ್ಥಾಪಿಸಿದ. ಬೈಬಲ್ಲಿನ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಕೂಡ ಇವರಿಗೆ ಪವಿತ್ರ ಗ್ರಂಥ. ನೆರೆಹೊರೆಯವರ ವಿರೋಧ, ಹೊಡೆದಾಟಗಳ ನಡುವೆ ಒಂದೂರಿನಿಂದ ಇನ್ನೊಂದೂರಿಗೆ ಗುಳೆ ಹೋಗುತ್ತ, ಕೊನೆಗೆ ಬ್ರಿಗಮ್ ಯಂಗ್ ಎಂಬಾತನ ಹಿಂದೆ ಗಾಡಿ ಕಟ್ಟಿಕೊಂಡು 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆನಿಂತರು. ಇಂದಿಗೂ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯೇ ಕೇಂದ್ರ. 2024ರ ಕೊನೆಗೆ ಸದಸ್ಯರ ಸಂಖ್ಯೆ ಸುಮಾರು 1.75 ಕೋಟಿ, ಪೂರ್ಣಾವಧಿ ಮಿಷನರಿಗಳ ಸಂಖ್ಯೆ 74 ಸಾವಿರದ ಮೇಲೆ.

ಈ ಸಂಖ್ಯೆಯಲ್ಲಿ ಬಹುಪಾಲು ಹದಿನೆಂಟು–ಇಪ್ಪತ್ತೆರಡರ ನಡುವಿನವರು. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ ಹೋಗಬೇಕು. ಅನ್ನ ಬೇಯಿಸಲು ಬರದ, ಬಟ್ಟೆ ಒಗೆದು ಗೊತ್ತಿಲ್ಲದ, ಜ್ವರ ಬಂದರೆ ಅಮ್ಮನನ್ನು ಕರೆದು ರೂಢಿಯಾದ ನೂರಾರು ಮಕ್ಕಳನ್ನು ಕಾಣದ ದೇಶಕ್ಕೆ ಕಳಿಸಿದ ಮೇಲೆ ಅಲ್ಲಿ ಹಿರಿಯರೊಬ್ಬರು ಬೇಡವೇ? ಪಟ್ಟಿಯ ಮೇಲೆ ಎಲ್ಲರೂ ‘ಹಿರಿಯ’ರೇ. ನಿಜವಾದ ಹಿರಿಯರ ಅಗತ್ಯ ಇಲ್ಲಿ ಬರುತ್ತದೆ.

ನಾಲ್ಕು ಅಡ್ಡಿಗಳು

ಹೋಗಬೇಕೆನ್ನುವ ಜೋಡಿ ಮೊದಲು ತಮ್ಮೂರ ಬಿಷಪ್ಪನನ್ನು ಕಾಣಬೇಕು. ಈ ಬಿಷಪ್ ಸಂಬಳದ ಪಾದ್ರಿಯಲ್ಲ. ಊರಿನ ದಂತವೈದ್ಯನೋ ಮೇಷ್ಟ್ರೋ ಅಂಗಡಿಯವನೋ ಆಗಿದ್ದು, ಕೆಲವು ವರ್ಷ ಆ ಹೊಣೆ ಹೊತ್ತಿರುತ್ತಾನೆ. ಸ್ಥಳೀಯ ಚರ್ಚಿನಲ್ಲಿ ಸಂಬಳಕ್ಕೆ ಪುರೋಹಿತಿಕೆ ಮಾಡುವವರೇ ಇಲ್ಲದ್ದರಿಂದ ಪುಗಸಟ್ಟೆ ದುಡಿಮೆ ಇವರಿಗೆ ಹೊಸತಲ್ಲ. ನಲವತ್ತು ದಾಟಿರಬೇಕು, ಮನೆಯಲ್ಲಿ ಸಾಕಬೇಕಾದ ಮಕ್ಕಳಿರಬಾರದು, ಡಾಕ್ಟರು ಒಪ್ಪಬೇಕು. ಹುಡುಗರಿಗಿಲ್ಲದ ಒಂದು ಸವಲತ್ತು ಹಿರಿಯರಿಗಿದೆ: ಖಾಲಿ ಇರುವ ಕೆಲಸಗಳ ಪಟ್ಟಿ ನೋಡಿ ತಮಗೆ ಇಂಥದ್ದು ಹೊಂದೀತು ಎಂದು ಹೇಳಬಹುದು. ಅವಧಿಯನ್ನೂ ಆರಿಸಿಕೊಳ್ಳಬಹುದು, 6, 12, 18 ಅಥವಾ 23 ತಿಂಗಳು. ಕೊನೆಯ ಮಾತು ಮಾತ್ರ ಸಾಲ್ಟ್ ಲೇಕಿನದೇ. ಚರ್ಚಿನ ಅಧ್ಯಕ್ಷರ ಸಹಿಯ ಪತ್ರ ಬರುತ್ತದೆ. ಅದಕ್ಕೆ ‘ಕಾಲ್’, ಅಂದರೆ ಕರೆ, ಎನ್ನುತ್ತಾರೆ. ಮಕ್ಕಳು ಮೊಮ್ಮಕ್ಕಳನ್ನೆಲ್ಲ ಸೇರಿಸಿಕೊಂಡು ಆ ಪತ್ರ ಓದುವುದು ಅನೇಕ ಮನೆಗಳಲ್ಲಿ ನಮ್ಮ ಲಗ್ನಪತ್ರಿಕೆ ಓದಿದಷ್ಟೇ ಸಡಗರದ ಸಂಗತಿ.

ಪತ್ರದವರೆಗೆ ಬರುವುದು ಸುಲಭವಲ್ಲ. ಚರ್ಚಿನ ಹಿರಿಯ ನಾಯಕರಲ್ಲೊಬ್ಬರಾಗಿದ್ದ ರಾಬರ್ಟ್ ಡಿ. ಹೇಲ್ಸ್ 2001ರ ಏಪ್ರಿಲ್ ಅಧಿವೇಶನದಲ್ಲಿ ಜೋಡಿಗಳು ಹಿಂಜರಿಯಲು ನಾಲ್ಕು ಕಾರಣ ಗುರುತಿಸಿದ್ದರು. ಇಂಗ್ಲಿಷಿನಲ್ಲಿ ನಾಲ್ಕೂ ‘ಎಫ್’ ಅಕ್ಷರದವು. ಕನ್ನಡಕ್ಕೆ ತಂದರೆ ಬೆದರು, ಬಳಗ, ಬೇಕಾದ ಕೆಲಸ, ಬೊಕ್ಕಸ ಎಂದು ನಾಲ್ಕು ಬಕಾರ ಮಾಡಿಕೊಳ್ಳಬಹುದು.

ಬೆದರು ಎಂದರೆ, ಈ ವಯಸ್ಸಿನಲ್ಲಿ ಹೊಸ ಭಾಷೆ ಹತ್ತೀತೇ, ಗ್ರಂಥದ ಪ್ರಶ್ನೆ ಕೇಳಿದರೆ ಉತ್ತರಿಸಲು ಬಂದೀತೇ ಎಂಬ ಅಳುಕು. ಅದಕ್ಕೆ ಯೂಟಾದ ಪ್ರೊವೊ ಪಟ್ಟಣದ ತರಬೇತಿ ಕೇಂದ್ರದಲ್ಲಿ ಸುಮಾರು ಒಂದು ವಾರದ ಪಾಠವಿದೆ. ಮೊಮ್ಮಗನ ವಯಸ್ಸಿನವರ ಜೊತೆ ಅದೇ ಆವರಣದಲ್ಲಿ ಓಡಾಡಿ, ಅದೇ ಊಟದ ಮನೆಯಲ್ಲಿ ತಟ್ಟೆ ಹಿಡಿದು ನಿಂತ ಮೇಲೆ ಅರ್ಧ ಅಳುಕು ಹೋಗುತ್ತದೆ. ಬಳಗದ ಅಡ್ಡಿ ಗಟ್ಟಿಯಾದದ್ದು. ಮಗಳ ಹೆರಿಗೆ ಬರುತ್ತದೆ, ತೊಂಬತ್ತು ದಾಟಿದ ತಾಯಿ ಇರುತ್ತಾಳೆ, ಮೊಮ್ಮಗುವಿನ ಮೊದಲ ಹೆಜ್ಜೆಯನ್ನು ಪರದೆಯ ಮೇಲೆ ನೋಡಬೇಕಾಗುತ್ತದೆ. ಎಷ್ಟು ಫೋನು ಮಾಡಿದರೂ ಮಗುವಿನ ಮೈಯ ವಾಸನೆ ಫೋನಿನಲ್ಲಿ ಬರುವುದಿಲ್ಲ. ಮೂರನೆಯ ಅಡ್ಡಿ, ಬೇಕಾದ ಕೆಲಸ ಸಿಕ್ಕೀತೇ ಎಂಬುದು. ಅದಕ್ಕೆ ಪರಿಹಾರವೇ ಖಾಲಿ ಕೆಲಸಗಳ ಆ ಪಟ್ಟಿ.

ಇನ್ನು ಬೊಕ್ಕಸ. ಅಮೆರಿಕದ ಹುಡುಗರಿಗೆ 2020ರಿಂದ ತಿಂಗಳಿಗೆ 500 ಡಾಲರ್ ಎಂದು ಸಮನಾದ ವಂತಿಗೆ. ಊರು ದುಬಾರಿಯೋ ಅಗ್ಗವೋ ಎಂಬ ಲೆಕ್ಕವಿಲ್ಲ. ಹಿರಿಯರು ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು. ದುಬಾರಿ ನಗರಗಳಿಗೆ ಹೋಗಲು ಜನ ಹಿಂದೆಗೆದಾಗ ಚರ್ಚು 2011ರಲ್ಲಿ ಒಂದು ಮಿತಿ ಹಾಕಿತು. ತಮ್ಮ ದೇಶದ ಆಚೆ ಸೇವೆ ಮಾಡುವ ಜೋಡಿಯ ಮನೆಬಾಡಿಗೆ, ವಿದ್ಯುತ್ತು ಮುಂತಾದ ವಸತಿ ವೆಚ್ಚ ತಿಂಗಳಿಗೆ 1,400 ಡಾಲರ್ ದಾಟಿದರೆ ಮೇಲಿನದನ್ನು ಚರ್ಚು ಕೊಡುತ್ತದೆ ಎಂಬುದು ಆ ಮಿತಿ. ಊಟ, ಔಷಧಿ ತಮ್ಮದೇ. ಅಮೆರಿಕ ಸರ್ಕಾರ ಮುದುಕರಿಗೆ ಕೊಡುವ ಮೆಡಿಕೇರ್ ಸಾಮಾನ್ಯವಾಗಿ ಹೊರದೇಶದ ಚಿಕಿತ್ಸೆಗೆ ಸಲ್ಲದ್ದರಿಂದ ಬೇರೆ ವಿಮೆ ಮಾಡಿಸಬೇಕು. ಹೀಗಾಗಿ ಪಿಂಚಣಿ, ಉಳಿತಾಯ ಗಟ್ಟಿಯಿದ್ದವರಿಗೆ ಮಾತ್ರ ಇದು ಎಟಕುವ ಸೇವೆ. ಅಷ್ಟು ಇಲ್ಲದವರಿಗೆ ಮನೆಯಲ್ಲೇ ಇದ್ದು ವಾರಕ್ಕೆ ಕೆಲವು ಗಂಟೆ ದುಡಿಯುವ ಇನ್ನೊಂದು ದಾರಿಯೂ ಇದೆ.

ಕಚೇರಿ ಜೋಡಿಯ ಒಂದು ದಿನ

ಮಿಷನ್ ಕಚೇರಿಗೆ ನೇಮಕವಾದ ಜೋಡಿಯ ದಿನಚರಿಯನ್ನೇ ನೋಡೋಣ. ಹುಡುಗರಿಗಿರುವ ಗಂಟೆಗಂಟೆಯ ಕಟ್ಟುಪಾಡು ಇವರಿಗಿಲ್ಲ. ಆದರೂ ವಯಸ್ಸಾದವರಿಗೆ ಬೆಳಗಿನ ನಿದ್ದೆ ಎಲ್ಲಿಯದು! ಎದ್ದು ಇಬ್ಬರೂ ಕೂತು ಒಂದಿಷ್ಟು ಗ್ರಂಥ ಓದುತ್ತಾರೆ, ಪ್ರಾರ್ಥಿಸುತ್ತಾರೆ. ತಿಂಡಿಗೆ ಓಟ್ಸು, ಬ್ರೆಡ್ಡು, ಹಣ್ಣು. ಕಾಫಿ, ಟೀ ಇಲ್ಲ. 1833ರ ಒಂದು ಕಟ್ಟಳೆಯಂತೆ ಮದ್ಯ, ತಂಬಾಕಿನ ಜೊತೆ ಕಾಫಿ, ಟೀ ಕೂಡ ನಿಷಿದ್ಧ. ಬೆಳಗಿನ ಕಾಫಿಯಿಲ್ಲದೆ ಮಾತೇ ಹೊರಡದ ನಮ್ಮವರಿಗೆ ಉಳಿದ ತತ್ವವೆಲ್ಲ ಒಪ್ಪಿಗೆಯಾದರೂ ಇದೊಂದು ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು.

ಹೆಸರುಪಟ್ಟಿ ಸಿಕ್ಕಿಸಿಕೊಂಡು ಕಚೇರಿಗೆ ಹೋದರೆ ಎದುರುಬದುರು ಎರಡು ಮೇಜು. ವಾಹನ ಮತ್ತು ಮನೆಗಳ ಲೆಕ್ಕ ಒಬ್ಬರಿಗೆ: ಯಾವ ಕಾರಿನ ಸರ್ವಿಸ್ ಬಾಕಿ, ಯಾರು ಕಂಬಕ್ಕೆ ಗುದ್ದಿ ಬಂದರು, ಯಾವ ಬಾಡಿಗೆ ಮನೆಯ ಕರಾರು ಮುಗಿಯಿತು, ಎಲ್ಲಿ ತಿಗಣೆ ಹತ್ತಿತು. ಟಪಾಲು, ವೀಸಾ ಕಾಗದ, ಫೋನು, ಪ್ರಯಾಣದ ಟಿಕೆಟ್ಟು ಇನ್ನೊಬ್ಬರಿಗೆ. ಬ್ಯಾಂಕಿನಲ್ಲಿ, ಶಾಲೆಯ ಕಚೇರಿಯಲ್ಲಿ, ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಮಾಡಿದ್ದು ಇಲ್ಲಿ ಕೈ ಹಿಡಿಯುತ್ತದೆ. ಹೆಂಗಸು ನಿವೃತ್ತ ನರ್ಸ್ ಆಗಿದ್ದರಂತೂ ಫೋನು ಕೆಳಗಿಡುವಂತಿಲ್ಲ. ಕಾಲುಗುರು ಕೀವಾಗಿದೆ, ಮೂರು ದಿನದಿಂದ ಹೊಟ್ಟೆ ಸರಿಯಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ. ಕೊನೆಯದಕ್ಕೆ ಮದ್ದು ಬೇಕಿಲ್ಲ, ಹತ್ತು ನಿಮಿಷ ಕೇಳಿಸಿಕೊಂಡರೆ ಸಾಕು ಎಂಬುದು ಅಜ್ಜಿಗೆ ಗೊತ್ತಿರುತ್ತದೆ. ವಾರಕ್ಕೊಮ್ಮೆ ಮನೆಗೆ ಫೋನು ಮಾಡುವ ಅನುಮತಿ ಹುಡುಗರಿಗೆ ಸಿಕ್ಕಿದ್ದೇ 2019ರಲ್ಲಿ. ಅದಕ್ಕೆ ಮುಂಚೆ ವರ್ಷಕ್ಕೆರಡೇ ಬಾರಿ, ಕ್ರಿಸ್ಮಸ್ಸಿಗೆ ಮತ್ತು ತಾಯಂದಿರ ದಿನಕ್ಕೆ.

ಆರು ವಾರಕ್ಕೊಮ್ಮೆ ‘ಟ್ರಾನ್ಸ್‌ಫರ್’ ಬರುತ್ತದೆ. ಯಾರು ಯಾವ ಊರಿಗೆ, ಯಾರಿಗೆ ಯಾರು ಜೊತೆ ಎಂದು ಆ ಪ್ರದೇಶದ ಹೊಣೆ ಹೊತ್ತ ಮಿಷನ್ ಅಧ್ಯಕ್ಷರು ತೀರ್ಮಾನಿಸುತ್ತಾರೆ. ಸೂಟ್‌ಕೇಸು, ಬಸ್ಸು, ಬೀಗದ ಕೈಗಳ ಗೊಂದಲ ಕಚೇರಿ ಜೋಡಿಯ ತಲೆಗೆ. ಅವಧಿ ಮುಗಿದವರನ್ನು ವಿಮಾನ ಹತ್ತಿಸಿ, ಹೊಸದಾಗಿ ಬಂದು ನಿದ್ದೆಗಣ್ಣಲ್ಲಿ ನಿಂತವರಿಗೆ ಊಟ ಹಾಕಿ, ಹಾಸಿಗೆ ತೋರಿಸುವಷ್ಟರಲ್ಲಿ ರಾತ್ರಿಯಾಗಿರುತ್ತದೆ.

ಇನ್ನೊಂದು ಕೆಲಸ ಹುಡುಗರ ಬಾಡಿಗೆ ಮನೆಗಳ ತಪಾಸಣೆ. ಒಲೆಯ ಹಿಂದೆ ಇಣುಕಬೇಕು, ಫ್ರಿಜ್ಜಿನ ಮೂಲೆಯಲ್ಲಿ ಬೂಸ್ಟು ಹಿಡಿದದ್ದನ್ನು ಎತ್ತಿ ತೋರಿಸಬೇಕು, ಹೊಗೆ ಸೂಚಕದ ಬ್ಯಾಟರಿ ಒತ್ತಿ ನೋಡಬೇಕು. ಬೈಗುಳದ ಜೊತೆಗೇ ಒಂದು ಡಬ್ಬಿ ಕುಕ್ಕೀಸು. ಕೆಲವು ಸಂಜೆ ನಾಲ್ಕು ಹುಡುಗರು ಊಟಕ್ಕೆ. ಯೂಟಾದ ಅಜ್ಜಿಯಾದರೆ ‘ಫ್ಯೂನರಲ್ ಪೊಟೇಟೋಸ್’ ಮಾಡಿಯಾಳು. ತುರಿದ ಆಲೂಗಡ್ಡೆಗೆ ಚೀಸು, ಕೆನೆ ಕಲಸಿ, ಮೇಲೆ ಕಾರ್ನ್‌ಫ್ಲೇಕ್ಸ್ ಉದುರಿಸಿ ಬೇಯಿಸಿದ್ದು. ಸಾವಿನ ಮನೆಗೆ ನೆರೆಯವರು ಮಾಡಿಕೊಂಡು ಹೋಗುತ್ತಿದ್ದ ಅಡುಗೆಯಾದ್ದರಿಂದ ಆ ಹೆಸರು. ಊರು ಬಿಟ್ಟ ಹುಡುಗನಿಗೆ ಅದರ ಒಂದು ತುತ್ತಿನಲ್ಲಿ ಮನೆ ನೆನಪಾಗುತ್ತದೆ.

ವಾರಕ್ಕೊಂದು ದಿನ ಬಿಡುವು. ಬಟ್ಟೆ, ದಿನಸಿ, ಒಂದು ಸುತ್ತು ತಿರುಗಾಟ. ಭಾನುವಾರ ಹತ್ತಾರು ಜನರ ಸಣ್ಣ ಸಭೆಯಲ್ಲಿ ಪಿಯಾನೊ ನುಡಿಸಲು, ಮಕ್ಕಳಿಗೆ ಪಾಠ ಹೇಳಲು ಜನ ಬೇಕಿರುತ್ತದೆ. ಅಜ್ಜಿ ಅಲ್ಲಿಗೆ ಸಲ್ಲುತ್ತಾಳೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತು ಉಪವಾಸ. ಉಳಿದ ಊಟದ ಹಣ ಬಡವರ ನಿಧಿಗೆ ಹೋಗುತ್ತದೆ. ನಮ್ಮ ಏಕಾದಶಿಗೆ ಇದೊಂದು ಸಾಲು ಸೇರಿಸಿಕೊಳ್ಳಬಹುದೇನೋ.

ಇಟ್ಟಿಗೆ ಸುಡುವವರು, ವಂಶಾವಳಿ ಕಾಯುವವರು

ಕಚೇರಿಯೊಂದೇ ಅಲ್ಲ. ಇಲಿನಾಯ್ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಂಡೆಯ ಮೇಲೆ ನಾವೂ ಎಂಬ ಊರಿದೆ. 1839ರಿಂದ 1846ರವರೆಗೆ ಈ ಜನ ಕಟ್ಟಿ ಬಾಳಿ, ಬಿಟ್ಟುಹೋಗಬೇಕಾದ ಊರು. ಈಗ ಅಲ್ಲಿ ನಿವೃತ್ತ ಜೋಡಿಗಳು ಹತ್ತೊಂಬತ್ತನೇ ಶತಮಾನದ ಉಡುಪು ತೊಟ್ಟು ಇಟ್ಟಿಗೆ ಮಾಡುವುದು, ಕುಲುಮೆ ಊದುವುದು, ರೊಟ್ಟಿ ಸುಡುವುದನ್ನು ತೋರಿಸುತ್ತಾರೆ. ನೋಡಲು ಬಂದವರಿಗೆ ಪುಟ್ಟ ಇಟ್ಟಿಗೆಯೊಂದು ನೆನಪಿನ ಕಾಣಿಕೆ. ಜೀವಮಾನವೆಲ್ಲ ಲೆಕ್ಕಪತ್ರ ನೋಡಿದವನು ಅರವತ್ತೆಂಟಕ್ಕೆ ಕಮ್ಮಾರಿಕೆ ಕಲಿಯುತ್ತಾನೆ.

ಮತ್ತೆ ಕೆಲವರು ದಾಖಲೆ ಕಾಯುವವರು. ಸತ್ತುಹೋದ ಪೂರ್ವಿಕರ ಪರವಾಗಿಯೂ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು, ಅದನ್ನು ಒಪ್ಪುವುದು ಬಿಡುವುದು ಆ ಆತ್ಮದ ಇಚ್ಛೆ ಎಂಬುದು ಇವರ ನಂಬಿಕೆ. ಅದಕ್ಕೆ ಪೂರ್ವಿಕರ ಹೆಸರು ತಿಳಿದಿರಬೇಕು. ಹೀಗೆ 1894ರಲ್ಲಿ ವಂಶಾವಳಿ ಸಂಘವೊಂದು ಹುಟ್ಟಿತು, 1938ರಲ್ಲಿ ದಾಖಲೆಗಳ ಮೈಕ್ರೊಫಿಲ್ಮ್ ಶುರುವಾಯಿತು. ಸೇರಿದ 24 ಲಕ್ಷ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತಂದು ಮುಗಿಸಿದ್ದು 2021ರಲ್ಲಿ. ಹರಿದ್ವಾರದ ಪಂಡಾಗಳ ವಹಿಗಳೂ ಆ ಸಂಗ್ರಹದಲ್ಲಿವೆ. ಇಂದು ‘ಫ್ಯಾಮಿಲಿಸರ್ಚ್’ ಎಂಬ ಹೆಸರಿನ ಈ ಸಂಸ್ಥೆಯ ಸಾಲ್ಟ್ ಲೇಕಿನ ಗ್ರಂಥಾಲಯ ಯಾವ ಧರ್ಮದವರಿಗೂ ಉಚಿತ. ಅಲ್ಲಿ ನಿಮ್ಮ ಮುತ್ತಜ್ಜನನ್ನು ಹುಡುಕಿಕೊಡಲು ಕೂತವರಲ್ಲಿ ಅನೇಕರು ಇಂಥ ನಿವೃತ್ತರು. ಮನೆಬಾಗಿಲಿಗೆ ಬಂದು ಏಳು ತಲೆಮಾರು ಒಪ್ಪಿಸುವ ನಮ್ಮ ಹೆಳವರು ಅವರನ್ನು ಕಂಡರೆ ಜಾತಿಬಾಂಧವರೆಂದೇ ಮಾತನಾಡಿಸಿಯಾರು.

ಮೇಜಿನ ಆಚೆ ಗಂಡ, ಈಚೆ ಹೆಂಡತಿ

ಮಿಷನ್ ಭಾಷೆಯಲ್ಲಿ ಜೊತೆಗಾರನಿಗೆ ‘ಕಂಪ್ಯಾನಿಯನ್’ ಎನ್ನುತ್ತಾರೆ. ಹುಡುಗರಿಗೆ ಜೊತೆಗಾರ ಬದಲಾಗುತ್ತಿರುತ್ತಾನೆ. ಹಿರಿಯರಿಗೆ ಕೈಹಿಡಿದವರೇ ಖಾಯಂ ಕಂಪ್ಯಾನಿಯನ್. ನಲವತ್ತು ವರ್ಷ ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದ ಗಂಡ ಈಗ ಹಗಲಿಡೀ ಎದುರು ಮೇಜಿನಲ್ಲಿ. ಕಡತ ಜೋಡಿಸುವ ಕ್ರಮದ ಮೇಲೆ ಜಗಳ, ಕಾರು ಓಡಿಸುವಾಗ ದಾರಿ ಹೇಳಿದ್ದರ ಮೇಲೆ ಜಗಳ. ಮನೆಯಲ್ಲಾದರೆ ಒಬ್ಬರು ಎದ್ದು ಹಿತ್ತಲಿಗೆ ಹೋಗಬಹುದಿತ್ತು. ಇಲ್ಲಿ ಇಪ್ಪತ್ತು ಹುಡುಗರು ನೋಡುತ್ತಿರುತ್ತಾರೆ. ನಾಲ್ಕು ಜನರ ಮುಂದೆ ಅವರು ಪರಸ್ಪರ ‘ಎಲ್ಡರ್’, ‘ಸಿಸ್ಟರ್’. ಬಾಗಿಲು ಹಾಕಿದ ಮೇಲೆ ಹೆಸರು ಹಿಡಿದು ಕರೆದುಕೊಳ್ಳುತ್ತಾರೆ. ಗಂಡನ ಹೆಸರನ್ನು ನಾಲಿಗೆಯ ಮೇಲೆ ತರದ ನಮ್ಮ ಅಜ್ಜಿಯರಿಗೆ ಈ ಎರಡು ಬಗೆಯ ಕರೆ ವಿಚಿತ್ರವೆನಿಸಲಾರದು.

ಹುಡುಗರು ನೋಡುತ್ತಿರುವುದೂ ಕೆಲಸದ ಭಾಗವೇ. ಉಪದೇಶ ಅವರು ಸಾಕಷ್ಟು ಕೇಳಿರುತ್ತಾರೆ. ಮುನಿಸಿಕೊಂಡ ಇಬ್ಬರು ಮುದುಕರು ಮಧ್ಯಾಹ್ನದ ಊಟದ ಹೊತ್ತಿಗೆ ಹೇಗೆ ರಾಜಿಯಾಗುತ್ತಾರೆ ಎಂಬುದನ್ನು ಯಾವ ಪಾಠಪುಸ್ತಕವೂ ತೋರಿಸುವುದಿಲ್ಲ.

ಬೆಂಗಳೂರಿನ ನಂಟು

ಭಾರತಕ್ಕೂ ಈ ಕಥೆಯ ಒಂದು ಎಳೆ ಇದೆ. ಸಮೋವಾ ದ್ವೀಪದಲ್ಲಿ ಕೆಲಸಕ್ಕಿದ್ದಾಗ ಈ ಚರ್ಚಿಗೆ ಸೇರಿದ ಎಡ್ವಿನ್ ಮತ್ತು ಎಲ್ಸಿ ಧರ್ಮರಾಜು 1978ರಲ್ಲಿ ಮಿಷನರಿ ದಂಪತಿಯಾಗಿ ಹೈದರಾಬಾದಿಗೆ ಬಂದರು. ಮೊದಲು ಒಲಿದವರು ಅವರ ಬಂಧುಗಳೇ. ಬೆಂಗಳೂರನ್ನು ಕೇಂದ್ರವಾಗಿಟ್ಟು ಪ್ರತ್ಯೇಕ ಮಿಷನ್ 1993ರಲ್ಲಿ ಆರಂಭವಾಯಿತು. ಭಾರತದ ಮೊದಲ ‘ಟೆಂಪಲ್’ ಬೆಂಗಳೂರಿನಲ್ಲಿ ಎಂಬ ಘೋಷಣೆ 2018ರ ಏಪ್ರಿಲ್ 1ರಂದು ಬಂತು, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆಯಂಥ ವಿಧಿ ನಡೆಯಿತು. ವಾರದ ಪ್ರಾರ್ಥನೆ ನಡೆಯುವ ಚಾಪೆಲ್ ಬೇರೆ, ಈ ಟೆಂಪಲ್ ಬೇರೆ. ಮದುವೆ ಮತ್ತು ಪೂರ್ವಿಕರ ಪರವಾದ ವಿಧಿಗಳಿಗೆ ಮೀಸಲಾದದ್ದು ಇದು.

ಈ ಏರ್ಪಾಡಿನ ಬಗ್ಗೆ ಪ್ರಶ್ನೆಗಳಿಲ್ಲದೆ ಇಲ್ಲ. ಚರ್ಚಿನ ಹೂಡಿಕೆ ಸಂಸ್ಥೆ ತನ್ನ ಷೇರುಗಳ ವಿವರವನ್ನು ಸರಿಯಾಗಿ ಬಹಿರಂಗಪಡಿಸಲಿಲ್ಲವೆಂದು ಅಮೆರಿಕದ ಷೇರು ನಿಯಂತ್ರಕರು 2023ರಲ್ಲಿ ಆ ಸಂಸ್ಥೆಗೂ ಚರ್ಚಿಗೂ ಸೇರಿ 50 ಲಕ್ಷ ಡಾಲರ್ ದಂಡ ಹಾಕಿದರು. ಅಷ್ಟು ಹಣವಿರುವ ಚರ್ಚು ಮುದುಕರ ಪಿಂಚಣಿಯಲ್ಲಿ ಕಚೇರಿ ನಡೆಸಬೇಕೇ ಎಂದು ಕೇಳುವವರು ಅಲ್ಲೇ ಇದ್ದಾರೆ. ಟೈರು ಬದಲಿಸುವ ಅಜ್ಜನ ದುಡಿಮೆಯ ಕೊನೆಯ ಗುರಿ ಮತಪ್ರಚಾರವೇ ಎಂಬುದನ್ನು ಅಜ್ಜನೂ ಮುಚ್ಚಿಡುವುದಿಲ್ಲ. ಹಣ ಕೊಟ್ಟರೆ ಅಜ್ಜನ ಬದಲು ಗುಮಾಸ್ತ ಸಿಗುತ್ತಿದ್ದ, ಕುಕ್ಕೀಸು ತರುವವನು ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ತತ್ವ ಅವರದು, ನಮಗೆ ಬೇಕಿಲ್ಲ. ಏರ್ಪಾಡನ್ನು ಮಾತ್ರ ಎರವಲು ಪಡೆಯಬಹುದು. ನಮ್ಮಲ್ಲಿ ನಿವೃತ್ತ ಮೇಷ್ಟ್ರು, ನರ್ಸು, ಹೆಡ್‌ಕ್ಲರ್ಕುಗಳಿಗೆ ಬರವಿಲ್ಲ. ಅವರು ಬಂದರೆ ಬೆಳಗುವ ಹಾಸ್ಟೆಲ್ಲು, ಗ್ರಂಥಾಲಯ, ಆಸ್ಪತ್ರೆಗಳಿಗೂ ಬರವಿಲ್ಲ. ‘ಬಿಡುವಾದಾಗ ಬಂದು ಹೋಗಿ ಸಾರ್’ ಎಂದರೆ ಯಾರೂ ಬರುವುದಿಲ್ಲ, ಬಂದವರೂ ಮೂರನೇ ವಾರಕ್ಕೆ ನಿಲ್ಲುತ್ತಾರೆ. ಇಂಥ ಊರು, ಇಂಥ ಮೇಜು, ಇಷ್ಟು ತಿಂಗಳು, ದಂಪತಿ ಇಬ್ಬರೂ ಬನ್ನಿ ಎಂದು ಕಾಗದದಲ್ಲಿ ಬರೆದು ಕರೆಯಬೇಕು. ನಿಮ್ಮ ಊರಿನ ವಿದ್ಯಾರ್ಥಿನಿಲಯದ್ದೋ ವಾಚನಾಲಯದ್ದೋ ಆಡಳಿತ ನಿಮ್ಮ ಕೈಯಲ್ಲಿದ್ದರೆ ಅಂಥ ಒಂದು ಪತ್ರ ಬರೆದು ನೋಡಿ.